ಲಂಗಕ್ಕೆ ಹತ್ತಿದ ಕೆಂಪು

ಹೋದ ತಿಂಗಳು ಒಂದು ಆರೋಗ್ಯ ಶಿಬಿರಕ್ಕೆಂದು ಯಶವಂತನಗರಕ್ಕೆ ಹೋಗಿದ್ದೆ. ಹೊಸಪೇಟೆ ಬಿಡುವಾಗ ಚುರುಗುಟ್ಟುವ ಬಿಸಿಲಿತ್ತು. ಸಂಡೂರು ದಾಟುವಷ್ಟರಲ್ಲಿ ಮೋಡ ಇಳಿಯಿತು, ಶಾಲೆಯ ಅಂಗಳದಲ್ಲಿ ಶಾಮಿಯಾನ ಕಟ್ಟುವ ಹೊತ್ತಿಗೆ ಮಳೆ ಸುರಿದೇಬಿಟ್ಟಿತು. ಮೊದಲ ಮಳೆಯ ವಾಸನೆಯನ್ನು ಬೇರೆ ಊರಿನವರು ಮೂಗರಳಿಸಿ ಹೊಗಳುವುದನ್ನು ಕೇಳಿದ್ದೇನೆ. ಈ ಗಣಿ ಸೀಮೆಯಲ್ಲಿ ಅದು ಹಾಗಿರುವುದಿಲ್ಲ. ತುಕ್ಕು ಹಿಡಿದ ಬಕೆಟ್ಟಿನಲ್ಲಿ ನಾಲ್ಕು ದಿನ ನೀರು ನಿಂತರೆ ಬರುವ ವಾಸನೆ ಅದು. ಮೂಗಿಗೆ ತಾಗಿದ ಕೂಡಲೇ ನನಗೆ ಎಲ್ಲಾದರೂ ಕೂತುಬಿಡಬೇಕು ಅನ್ನಿಸಿತು.

ಜೀಪಿನಿಂದ ಇಳಿದು ನಾಲ್ಕು ಹೆಜ್ಜೆ ಇಟ್ಟಿದ್ದೆನೋ ಇಲ್ಲವೋ, ಬಿಳಿ ಕೋಟಿನ ಅಂಚು ಕೆಂಪಾಯಿತು. ಜೊತೆಗೆ ಬಂದಿದ್ದ ಹೊಸ ಡಾಕ್ಟರ್ ಹುಡುಗಿ, “ಅಯ್ಯೋ ಮೇಡಂ, ರಕ್ತ ಎಲ್ಲಿಂದ ಬಂತು?” ಎಂದು ಗಾಬರಿಯಾದಳು. “ರಕ್ತ ಅಲ್ಲಮ್ಮ, ಮಣ್ಣು” ಎಂದೆ. ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಈ ಊರಿನಲ್ಲಿ ಮಣ್ಣನ್ನು ರಕ್ತ ಅಂದುಕೊಂಡವರಲ್ಲಿ ಅವಳೇ ಮೊದಲಿನವಳಲ್ಲ. ಅಂಥದೇ ಒಂದು ತಪ್ಪಿನ ಬೆನ್ನಿಗೆ ನಾನೂ ಒಂದು ತಪ್ಪು ಮಾಡಿದ್ದೆ. ಅದನ್ನು ಇಷ್ಟು ವರ್ಷ ಯಾರ ಮುಂದೆಯೂ ಪೂರ್ತಿಯಾಗಿ ಹೇಳಿಕೊಂಡಿಲ್ಲ.

ಆಗ ನನಗೆ ಇಪ್ಪತ್ತೈದು. ವೈದ್ಯಕೀಯ ಓದು ಮುಗಿಸಿ, ಕಡ್ಡಾಯ ಸೇವೆಯ ಒಂದು ವರ್ಷಕ್ಕೆ ಸಂಡೂರಿನ ಆಚೆಗಿನ ಸಣ್ಣ ಸರ್ಕಾರಿ ಆಸ್ಪತ್ರೆಯೊಂದಕ್ಕೆ ಬಂದಿದ್ದೆ. ನನ್ನ ಊರು ಕಂಪ್ಲಿ. ಹೊಳೆ, ಭತ್ತದ ಗದ್ದೆ, ಬಾಳೆ ತೋಟ ನೋಡಿಕೊಂಡು ಬೆಳೆದವಳು. ಎರಡು ಬಸ್ಸು ಬದಲಿಸಿದರೆ ಮನೆ, ಇನ್ನೇನು ಬೇಕು ಎಂದು ಖುಷಿಯಿಂದಲೇ ಬಂದೆ. ಬಂದು ನೋಡಿದರೆ ಬೇವಿನ ಎಲೆ ಕೆಂಪು, ಬೀದಿ ನಾಯಿ ಕೆಂಪು, ಕ್ವಾರ್ಟರ್ಸಿನ ಕಿಟಕಿ ಸರಳು ಕೆಂಪು. ಬೆಳಗ್ಗೆ ಒಗೆದು ಹಾಕಿದ ದುಪಟ್ಟಾ ಸಂಜೆಗೆ ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತಿತ್ತು. ಅದಿರಿನ ಲಾರಿಗಳು ಒಂದರ ಹಿಂದೊಂದು ಹೋಗುತ್ತಿದ್ದರೆ ಆಸ್ಪತ್ರೆಯ ಬೀರುವಿನೊಳಗಿನ ಔಷಧಿ ಬಾಟಲಿಗಳು ತಮ್ಮಷ್ಟಕ್ಕೆ ಗಲಗಲ ಅನ್ನುತ್ತಿದ್ದವು.

ನಾನೊಬ್ಬಳೇ ಡಾಕ್ಟರು. ಬೆಳಗ್ಗೆ ಒಂಬತ್ತಕ್ಕೆ ಕುರ್ಚಿಯಲ್ಲಿ ಕೂತರೆ ಏಳುತ್ತಿದ್ದದ್ದು ಮಧ್ಯಾಹ್ನ ಎರಡೂವರೆಗೆ. ಕೆಮ್ಮು, ದಮ್ಮು, ಕಾಲ ಮೇಲೆ ಕಲ್ಲು ಬಿದ್ದವರು, ಬಸುರಿಯರು, ಸುಮ್ಮನೆ ಬಿ.ಪಿ. ನೋಡಿಸಿಕೊಳ್ಳಲು ಬರುವ ಮುದುಕರು. ದಣಿವು ಅಂದರೆ ನಿದ್ದೆ ಮಾಡಿದರೆ ಹೋಗುವಂಥದ್ದು ಎಂದು ಅಲ್ಲಿಯವರೆಗೆ ತಿಳಿದುಕೊಂಡಿದ್ದೆ. ಭಾನುವಾರ ಕಂಪ್ಲಿಗೆ ಹೋದರೆ ಅವ್ವ ಮಂಡಕ್ಕಿ ಒಗ್ಗರಣೆ ಕಲಸಿ ಮಿರ್ಚಿ ಕರಿಯುವಷ್ಟರಲ್ಲಿ ನಾನು ಗೋಡೆಗೊರಗಿ ನಿದ್ದೆ ಹೋಗಿರುತ್ತಿದ್ದೆ. “ನಮ್ಮ ಹುಡುಗಿ ಡಾಕ್ಟ್ರು ಆದ ಮ್ಯಾಲೆ ಮಲಗಾಕಷ್ಟ ಊರಿಗಿ ಬರ್ತಾಳ ನೋಡ್ರಿ” ಎಂದು ಪಕ್ಕದ ಮನೆಯವರಿಗೆ ಹೇಳಿ ಅವ್ವ ನಗುತ್ತಿದ್ದಳು. ಸೋಮವಾರ ಮತ್ತೆ ಅದೇ ಬಸ್ಸು, ಅದೇ ಧೂಳು.

ಆ ಆಸ್ಪತ್ರೆಯನ್ನು ನಿಜವಾಗಿ ನಡೆಸುತ್ತಿದ್ದವರು ಸಿಸ್ಟರ್ ಶಾಂತಮ್ಮ. ನನಗಿಂತ ಇಪ್ಪತ್ತೈದು ವರ್ಷ ದೊಡ್ಡವರು. ನನ್ನನ್ನು ಬಾಯ್ತುಂಬ ಮೇಡಂ ಅನ್ನುತ್ತಿದ್ದರು, ಆದರೆ ಕಣ್ಣಿನಲ್ಲಿ ಮಾತ್ರ ನನ್ನ ಹೊಸತನವನ್ನು ಅಳೆಯುತ್ತಲೇ ಇರುತ್ತಿದ್ದರು.

ದೀಪಾವಳಿಗೆ ಮುಂಚೆ ಒಂದು ದಿನ ಆ ಹುಡುಗಿ ಬಂದಳು. ಅವಳ ಹೆಸರನ್ನು ಇಲ್ಲಿ ಬರೆಯುವುದು ಸರಿಯಲ್ಲ, ಹುಲಿಗೆಮ್ಮ ಎನ್ನೋಣ. ಆ ಸೀಮೆಯಲ್ಲಿ ಮನೆಗೊಬ್ಬಳು ಹುಲಿಗೆಮ್ಮ ಇರುತ್ತಾಳೆ. ಒಂಬತ್ತನೇ ತರಗತಿ, ಎರಡು ಜಡೆ, ಹೊಟ್ಟೆ ಹಿಡಿದುಕೊಂಡು ಬಗ್ಗಿ ನಿಂತಿದ್ದಳು. ತಂದೆ ಅದಿರಿನ ಲಾರಿ ಓಡಿಸುವವನು, ಮನೆಯಲ್ಲಿ ಇರುವುದೇ ಕಡಿಮೆ. ತಾಯಿ ರತ್ನಮ್ಮ ಯಶವಂತನಗರದ ಕಂಪನಿ ಕ್ಯಾಂಟೀನಿನಲ್ಲಿ ಕೆಲಸಕ್ಕಿದ್ದವಳು. ಕೆಲಸದ ನಡುವೆ ಎದ್ದು ಬಂದಿದ್ದರಿಂದ ಬಾಗಿಲ ಕಡೆಗೇ ನೋಡುತ್ತಿದ್ದಳು.

“ಎಷ್ಟ್ ದಿನದಿಂದ ನೋವು?”

“ಎರಡ್ ದಿನ ಆತ್ರಿ. ಆಗಾಗ ಬರ್ತೈತ್ರಿ, ಹೊಕ್ಕೈತ್ರಿ” ಎಂದಳು ರತ್ನಮ್ಮ.

“ಮುಟ್ಟು ಸರಿಯಾಗಿ ಆಗ್ತಾಳೇನು?”

“ಆಗ್ತಾಳ್ರಿ ಮೇಡಂ. ದೊಡ್ಡಾಕಿ ಆಗಿ ವರ್ಷದ ಮ್ಯಾಲಾತು. ಐದ್ ದಿನ ಕುಂದ್ರಿಸಿ ಆರತಿ ಮಾಡೀವಿ, ಕಂಪ್ಲಿಯಿಂದ ನಮ್ಮಣ್ಣ ಹಸರ ಸೀರಿ ತಂದಿದ್ದ. ತಿಂಗಳಾ ತಪ್ಪದಂಗ ಕುಂದ್ರತಾಳ್ರಿ.”

ಕಂಪ್ಲಿ ಎಂದದ್ದು ಕೇಳಿ ನನಗೆ ಖುಷಿಯಾಯಿತು. ಯಾವ ಓಣಿ, ಯಾರ ಮನೆ ಎಂದು ವಿಚಾರಿಸಿದೆ. ಹುಡುಗಿ ತಲೆ ಬಗ್ಗಿಸಿಕೊಂಡು ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆಯುತ್ತಿದ್ದಳು. ಅವಳನ್ನು ನಾನು ಏನೂ ಕೇಳಲಿಲ್ಲ. ಹೊಟ್ಟೆಯನ್ನು ಬಟ್ಟೆಯ ಮೇಲಿಂದಲೇ ಒಂದು ಸಲ ಒತ್ತಿ ನೋಡಿ, ಚೀಟಿಯಲ್ಲೂ ರಿಜಿಸ್ಟರಿನಲ್ಲೂ ‘ಮುಟ್ಟು: ಕ್ರಮಬದ್ಧ’ ಎಂದು ಇಂಗ್ಲಿಷಿನಲ್ಲಿ ಗೀಚಿದೆ. ನೋವಿಗೊಂದು, ಉರಿಗೊಂದು ಮಾತ್ರೆ ಬರೆದೆ. ಹೊರಗೆ ಇನ್ನೂ ಅರವತ್ತು ಜನ ನಿಂತಿದ್ದರು.

ಅವಳು ಮತ್ತೆ ಬಂದಳು. ಆಮೇಲೂ ಬಂದಳು. ಪ್ರತಿ ಸಲ ಅದೇ ನೋವು, ಅದೇ ಉತ್ತರ, ಅದೇ ಸಾಲು. ಸಂಕ್ರಾಂತಿ ಆದ ಮೇಲೆ ಬಂದಾಗ ನಾನು ನಗುತ್ತಾ, “ಏನವ್ವಾ, ಪರೀಕ್ಷಿ ಹತ್ರ ಬಂತಂತ ಹೊಟ್ಟಿ ನೋಯ್ತೈತೇನು?” ಎಂದೂ ಕೇಳಿದೆ. ರತ್ನಮ್ಮ ನಕ್ಕಳು. ಹುಡುಗಿಯೂ ನಕ್ಕಳು, ನಾವು ನಕ್ಕೆವಲ್ಲ ಎಂದು. ಈಗಲೂ ನನಗೆ ಹೆಚ್ಚು ಹಿಂಸೆ ಕೊಡುವುದು ಆ ನಗು.

ಮಾರ್ಚ್ ತಿಂಗಳ ಒಂದು ಬೆಳಗ್ಗೆ ರತ್ನಮ್ಮ ಮಗಳನ್ನು ಆಟೋದಲ್ಲಿ ಮಲಗಿಸಿಕೊಂಡೇ ಬಂದಳು. ಹಿಂದಿನ ಸಂಜೆಯಿಂದ ಹುಡುಗಿಗೆ ಮೂತ್ರ ಹೋಗಿರಲಿಲ್ಲ. ಹೊಟ್ಟೆ ಬಿಗಿದುಕೊಂಡಿತ್ತು, ತುಟಿ ಕಚ್ಚಿಕೊಂಡು ಕಣ್ಣೀರು ಸುರಿಸುತ್ತಿದ್ದಳು. ಶಾಂತಮ್ಮ ನಳಿಕೆ ಹಾಕಿದರು. ಚೀಲ ತುಂಬಿತು, ಅವಳ ಮುಖ ಸಡಿಲಾಯಿತು. ನಾನು ಹೊಟ್ಟೆಯ ಮೇಲೆ ಕೈಯಿಟ್ಟೆ. ಮೂತ್ರವೆಲ್ಲ ಹೋದ ಮೇಲೂ ಹೊಕ್ಕಳಿನ ಕೆಳಗೆ ಗಟ್ಟಿಯಾದ ಉಬ್ಬು ಹಾಗೇ ಇತ್ತು. ಇನ್ನೊಮ್ಮೆ ಒತ್ತಿ ನೋಡಿದೆ. ಐದಾರು ತಿಂಗಳಿಂದ ಬರುತ್ತಿದ್ದವಳು, ಸರಿಯಾಗಿ ಮಲಗಿಸಿ ಒಮ್ಮೆಯಾದರೂ ನೋಡಿದ್ದರೆ ಸಿಗುತ್ತಿತ್ತಲ್ಲ.

ಅವತ್ತೇ ಹೊಸಪೇಟೆಗೆ ಸ್ಕ್ಯಾನಿಗೆ ಕಳಿಸಿದೆ. ಮರುದಿನ ಪ್ಲಾಸ್ಟಿಕ್ ಕವರಿನಲ್ಲಿ ಫಿಲ್ಮು ಹಿಡಿದುಕೊಂಡು ತಾಯಿ, ಮಗಳು ವಾಪಸು ಬಂದರು. ಜೊತೆಗೆ ರತ್ನಮ್ಮನ ಅತ್ತೆಯೂ ಇದ್ದಳು. ಎರಡೂ ಕಣ್ಣಿಗೆ ಪೊರೆ ಬಂದ ಮುದುಕಿ, ಗೋಡೆ ಸವರಿಕೊಂಡು ಒಳಗೆ ಬಂದು ಬೆಂಚಿನ ಮೇಲೆ ಕೂತಳು. ಹೊಸಪೇಟೆಯಲ್ಲಿ ಯಾರೋ ಒಬ್ಬ ಡಾಕ್ಟರು ಫಿಲ್ಮು ನೋಡಿ, ಗರ್ಭಕೋಶದಲ್ಲಿ ದೊಡ್ಡ ಗಡ್ಡೆ ಇದೆ, ಹೊಟ್ಟೆ ಕೊಯ್ದು ಎಲ್ಲ ತೆಗೆಯಬೇಕಾಗಬಹುದು ಎಂದಿದ್ದರಂತೆ.

“ಮಕ್ಕಳ ಚೀಲಾನೇ ತಗೀತಾರಂತ್ರಿ” ಎಂದಳು ರತ್ನಮ್ಮ. ಧ್ವನಿಯಲ್ಲಿ ಅಳುವೂ ಇರಲಿಲ್ಲ. “ಶುಕ್ರವಾರ ಬರ್ರಿ ಅಂದಾರ. ಹೋಗ್ಲೇನ್ರಿ?”

ಮುದುಕಿ ಕೋಲು ನೆಲಕ್ಕೆ ಕುಟ್ಟಿದಳು. “ಡಾಕ್ಟ್ರವ್ವಾ, ಗಡ್ಡಿ ಬೇಕಾದ್ರ ತಗೀರಿ. ಚೀಲ ತಗದ್ರ ಈ ಹುಡುಗೀನ ಯಾರ ಮನಿಗಿ ಕೊಡೂನು? ಹದಿನಾಕ್ ವರ್ಷದ ಕೂಸು ಐತಿ ಅದು.”

ಹದಿನಾಲ್ಕು ವರ್ಷದ ಹುಡುಗಿ ಮಂಚದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಶುಕ್ರವಾರಕ್ಕೆ ಮೂರು ದಿನವಿತ್ತು. ಇಲ್ಲೇ ಇರಲಿ, ನಾನು ಯಾರನ್ನಾದರೂ ಕೇಳಿ ಹೇಳುತ್ತೇನೆ ಎಂದೆ. ಯಾರನ್ನು ಕೇಳುವುದು ಎಂಬುದೂ ಗೊತ್ತಿರಲಿಲ್ಲ.

ದಾರಿ ತೋರಿಸಿದವರು ಶಾಂತಮ್ಮ. ಮಾರನೆಯ ಬೆಳಗ್ಗೆ ರೌಂಡ್ಸಿಗೆ ಮುಂಚೆ ನನ್ನನ್ನು ಡ್ರೆಸಿಂಗ್ ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದರು.

“ಮೇಡಂ, ಆ ಹುಡುಗಿ ಮುಟ್ಟಾಗ್ಯಾಳ ಅಂತ ಅವರವ್ವ ಅಂತಾಳ. ಮೊನ್ನಿ ನಾನ ಪ್ಯಾಡಿನ ಪ್ಯಾಕೆಟ್ ಕೊಟ್ಟೀನಿ. ಒಡದೇ ಇಲ್ಲ. ನಳಿಕಿ ಹಾಕಿದಾಕಿನೂ ನಾನ, ಹಾಸಿಗಿ ಬದಲಿ ಮಾಡಿದಾಕಿನೂ ನಾನ. ಒಂದ್ ಹನಿ ಕಲಿ ಇಲ್ರಿ.”

ನಾನು ಹೊರರೋಗಿ ರಿಜಿಸ್ಟರು ತರಿಸಿ ಹಿಂದಿನ ಪುಟಗಳನ್ನು ತಿರುವಿದೆ. ಹುಲಿಗೆಮ್ಮ ಬಂದ ದಿನಗಳು ಒಂದೊಂದಾಗಿ ಸಿಕ್ಕವು. ಒಂದಕ್ಕೂ ಇನ್ನೊಂದಕ್ಕೂ ನಡುವೆ ಒಂದು ತಿಂಗಳು, ಹೆಚ್ಚೆಂದರೆ ಒಂದೆರಡು ದಿನ ಆಚೆ ಈಚೆ. ನೋವು ತಿಂಗಳು ತಿಂಗಳು ತಪ್ಪದೆ ಬಂದಿತ್ತು. ರಕ್ತ ಬಂದಿರಲಿಲ್ಲ. ಪ್ರತಿ ಸಾಲಿನಲ್ಲೂ ನನ್ನ ದುಂಡಗಿನ ಕೈಬರಹದಲ್ಲಿ ‘ಕ್ರಮಬದ್ಧ’ ಎಂದಿತ್ತು. ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದ ವಿಷಯ ಅದು. ಎದುರಿಗೆ ಎರಡು ಜಡೆ ಹಾಕಿಕೊಂಡು ಬಂದು ನಿಂತಾಗ ಗುರುತು ಸಿಗಲಿಲ್ಲ.

ರತ್ನಮ್ಮನನ್ನೂ ಮುದುಕಿಯನ್ನೂ ಚಾ ಕುಡಿದು ಬರ್ರಿ ಎಂದು ಹೊರಗೆ ಕಳಿಸಿದೆ. ಮಂಚದ ಸುತ್ತ ಪರದೆ ಎಳೆದು, ಶಾಂತಮ್ಮನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಸ್ಟೂಲಿನ ಮೇಲೆ ಕೂತೆ.

“ಹುಲಿಗೆಮ್ಮಾ, ನಿನಗ ಖರೇನ ಮುಟ್ಟು ಬಂದೈತೇನು? ನಾ ಬೈಯಂಗಿಲ್ಲ.”

ಅವಳು ಚಾದರದ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಹೇಳತೊಡಗಿದಳು.

“ಎಂಟನೇತ್ತಿ ಸಾಲ್ಯಾಗ ಇದ್ದಾಗ್ರಿ, ಮಳಿಗಾಲದಾಗ. ಶನಿವಾರ ಇತ್ತು, ಬಿಳಿ ಯೂನಿಫಾರಂ. ಬಸ್ಸಿಗಿ ಕಾಯ್ಕೋಂತ ರೋಡ್ ಬಾಜು ಮಣ್ಣಿನ ಗುಡ್ಡಿ ಮ್ಯಾಲೆ ಕುಂತಿದ್ವಿ, ಎಲ್ಲಾ ಹಸಿ ಇತ್ತು. ಅವತ್ತ ನನಗ ಹೊಟ್ಟಿ ಭಾಳ ನೋಯ್ತಿತ್ರಿ. ಮನಿಗಿ ಹೋಗಿ ಬಗ್ಗಿದಾಗ ಅಜ್ಜಿ ಹಿಂದಿಂದ ಲಂಗ ನೋಡಿದ್ಲು. ‘ಏಳಬ್ಯಾಡ, ಅಲ್ಲೇ ಕುಂದ್ರು’ ಅಂದ್ಲು. ಹೊಟ್ಟಿ ನೋಯ್ತೈತೇನು ಅಂದ್ಲು. ಹೂಂ ಅಂದೆ. ಅಷ್ಟ ರೀ.”

“ಅವ್ವ ಲಂಗ ನೋಡ್ಲಿಲ್ಲೇನು?”

“ಅವ್ವ ಕ್ಯಾಂಟೀನಿನಿಂದ ಬರೋದ್ರಾಗ ಅಜ್ಜಿ ತಲಿ ಮ್ಯಾಲೆ ನೀರು ಹಾಕಿದ್ಲು, ಲಂಗ ಒಗಸಿದ್ಲು. ಓಣ್ಯಾಗಿನೋರು ಎಲ್ಲಾರು ಬಂದಿದ್ರು. ಮಣ್ಣು ಅಂತ ಹೇಳಬೇಕಂತ ಬಾಯಿ ತಗದೆ. ಒಬ್ಬಾಕಿ ಬಾಯಾಗ ಕೊಬ್ಬರಿ ಬೆಲ್ಲ ಇಟ್ಲು.”

ಅವಳಿಗೂ ಮೊದಲು ಅದೇ ಇರಬೇಕು ಅನ್ನಿಸಿತ್ತಂತೆ. ಹೊಟ್ಟೆ ನೋವು ನಿಜವೇ ಇತ್ತಲ್ಲ. ಮುಂದಿನ ತಿಂಗಳು ನೋವು ಬಂತು, ಮತ್ತೇನೂ ಬರಲಿಲ್ಲ. ತರಗತಿಯ ಹುಡುಗಿಯರ ಮಾತು ಕೇಳಿದ ಮೇಲೆ ತನ್ನದು ಬೇರೆ ಎಂದು ಗೊತ್ತಾಯಿತು. ಅಷ್ಟರಲ್ಲಿ ಸೋದರಮಾವ ಹಸಿರು ಸೀರೆ ಉಡಿಸಿ ಹೋಗಿದ್ದ, ತನ್ನ ಮಗನಿಗೇ ತಂದುಕೊಳ್ಳುತ್ತೇನೆ ಎಂದೂ ನಾಲ್ಕು ಜನರ ಮುಂದೆ ಹೇಳಿದ್ದ. ಅಲ್ಲಿಂದ ಮುಂದೆ ನೋವು ಬಂದ ದಿನ ತಾನೇ ಮೂಲೆಯಲ್ಲಿ ಕೂರತೊಡಗಿದಳು. ಮೂರು ದಿನ ಕೂತು, ತನ್ನ ಬಟ್ಟೆ ತಾನೇ ಒಗೆದು ಒಳಗೆ ಬರುತ್ತಿದ್ದಳು.

“ಯಾರಿಗರೆ ಒಬ್ರಿಗೆ ಹೇಳಬಾರ್ದಿತ್ತೇನವ್ವಾ” ಎಂದರು ಶಾಂತಮ್ಮ.

“ನನ್ನ ಯಾರೂ ಕೇಳ್ಲಿಲ್ರಿ” ಎಂದಳು. ದೂರಿನ ಧ್ವನಿಯೇನಲ್ಲ, ಇದ್ದದ್ದನ್ನು ಹೇಳಿದಳು. ನಾನು ಫಿಲ್ಮಿನ ಕವರನ್ನು ಸರಿಮಾಡುವವಳಂತೆ ಕೆಳಗೆ ನೋಡಿದೆ. ಅವಳೇ, “ಅವ್ವಗ ಹೇಳಬ್ಯಾಡ್ರಿ ಮೇಡಂ” ಎಂದು ನನ್ನ ಕೈ ಹಿಡಿದಳು.

ಹೇಳದೆ ದಾರಿಯಿರಲಿಲ್ಲ. ಅದನ್ನು ಅವಳಿಗೆ ಒಪ್ಪಿಸಲು ಅರ್ಧ ಗಂಟೆ ಬೇಕಾಯಿತು. ಅಜ್ಜಿಗೂ ಕಂಪ್ಲಿಯವರಿಗೂ ಹೇಳುವುದಿಲ್ಲ, ಅವ್ವನಿಗೆ ಮಾತ್ರ, ಅದೂ ನಾನೇ ಹೇಳುತ್ತೇನೆ ಎಂದು ಮಾತು ಕೊಟ್ಟೆ. ರತ್ನಮ್ಮನನ್ನು ಒಬ್ಬಳನ್ನೇ ಕರೆದು ಹೇಳಿದಾಗ ಅವಳು ಮಗಳನ್ನು ಬೈಯಲಿಲ್ಲ, ಅಳಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, “ಅಂದ್ರ ನಾವು ಆರತಿ ಮಾಡಿದ್ದು ಮಣ್ಣಿಗೇನ್ರಿ?” ಎಂದು ಕೇಳಿ, ಉತ್ತರಕ್ಕೂ ಕಾಯದೆ ಮಗಳ ಹತ್ತಿರ ಹೋಗಿ ಅವಳ ಜಡೆ ಬಿಚ್ಚಿ ಹೊಸದಾಗಿ ಹೆಣೆಯತೊಡಗಿದಳು.

ಶುಕ್ರವಾರ ಆ ಡಾಕ್ಟರ ಬಳಿಗೆ ಹೋಗಲಿಲ್ಲ. ಹೊಸಪೇಟೆಯ ಇನ್ನೊಂದು ಆಸ್ಪತ್ರೆಗೆ ವಾರಕ್ಕೊಮ್ಮೆ ಬಳ್ಳಾರಿಯಿಂದ ಬರುತ್ತಿದ್ದ ಹಿರಿಯ ಶಸ್ತ್ರಚಿಕಿತ್ಸಕಿಯೊಬ್ಬರ ಬಗ್ಗೆ ನನ್ನ ಸಹಪಾಠಿಯೊಬ್ಬಳು ಹೇಳಿದಳು. ಫೋನಿನಲ್ಲಿ ನನ್ನ ಮಾತು ಅರ್ಧ ಕೇಳುವಷ್ಟರಲ್ಲೇ ಅವರು, “ಯಾರೂ ಆ ಉಬ್ಬಿಗೆ ಸೂಜಿ ಹಾಕಿ ನೀರು ತೆಗಿಯೋಕೆ ಹೋಗಬೇಡಿ, ನಂಜಾಗುತ್ತೆ. ಹುಡುಗೀನ ಕರ್ಕೊಂಡು ಬಾ” ಎಂದರು. ಬಳ್ಳಾರಿಯಲ್ಲಿ ಎಂ.ಆರ್.ಐ. ಮಾಡಿಸಿದ ಮೇಲೆ, ಟೇಬಲ್ಲಿನ ಮೇಲಿದ್ದ ಕಾಗದದಲ್ಲಿ ಚಿತ್ರ ಬರೆದು ತಾಯಿ ಮಗಳಿಬ್ಬರಿಗೂ ತಿಳಿಸಿ ಹೇಳಿದರು. ಗಡ್ಡೆ ಇಲ್ಲ. ಗರ್ಭಕೋಶ ಚೆನ್ನಾಗಿದೆ. ಒಳಗಿನ ದಾರಿಯ ನಡುವೆ ಹುಟ್ಟಿನಿಂದಲೇ ಒಂದು ಅಡ್ಡ ಪೊರೆ ಇದೆ, ಬಲು ಅಪರೂಪಕ್ಕೆ ಹೀಗಾಗುತ್ತದೆ. ಹೊರಗಿನಿಂದ ಎಲ್ಲ ಸರಿಯಾಗಿಯೇ ಕಾಣುತ್ತದೆ. ಮುಟ್ಟಿನ ರಕ್ತ ತಿಂಗಳು ತಿಂಗಳು ಆಗಿದೆ, ಹೊರಗೆ ಬರಲು ದಾರಿಯಿಲ್ಲದೆ ಆ ಪೊರೆಯ ಹಿಂದೆ ತುಂಬಿ ಮೂತ್ರದ ದಾರಿಯನ್ನೂ ಒತ್ತಿದೆ.

“ಹೊಟ್ಟಿ ಕೊಯ್ಯೋದಿಲ್ಲೇನ್ರಿ?” ರತ್ನಮ್ಮ ಕೇಳಿದಳು.

“ಇಲ್ಲಮ್ಮ. ಹೊಕ್ಕಳ ಹತ್ರ ಒಂದೆರಡು ಸಣ್ಣ ತೂತು, ಒಳಗೆ ಕ್ಯಾಮೆರಾ ಬಿಟ್ಟು ನೋಡ್ತೀವಿ. ಕೆಳಗಿಂದ ಪೆನ್ನಿಗಿಂತ ಸಣ್ಣ ಕೊಳವೆ ಹಾಕಿ ಆ ಗೋಡೆ ತೆಗೀತೀವಿ.”

ಕೆಳಗಿಂದ ಎಂದದ್ದೇ ರತ್ನಮ್ಮನ ಮುಖ ಬಿಗಿಯಿತು. ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. “ಮದಿವಿ ಆಗದ ಹುಡುಗೀರಿ. ಮುಂದ ಯಾರರೆ ಏನರೆ ಅಂದ್ರ?”

“ಅಷ್ಟು ಸಣ್ಣ ಕೊಳವೆ ಯಾಕೆ ಹಾಕ್ತೀವಿ ಅಂದುಕೊಂಡಿ? ಅವಳ ಮೈಯಲ್ಲಿ ಇದ್ದದ್ದು ಇದ್ದ ಹಾಗೇ ಇರುತ್ತೆ. ಆ ಗೋಡೆ ಒಂದು ಹೋಗುತ್ತೆ” ಎಂದರು ಅವರು. ಆಮೇಲೆ ತಾಯಿಯ ಕಡೆಯಿಂದ ಮಗಳ ಕಡೆಗೆ ತಿರುಗಿ, “ನಿಂಗೆ ಏನಾದರೂ ಕೇಳೋದಿದೆಯಾ?” ಎಂದರು. ಹುಡುಗಿ ಬೆಚ್ಚಿದಳು. ಹುಬ್ಬು ಗಂಟಿಕ್ಕಿ ಯೋಚಿಸಿ, “ಪರೀಕ್ಷಿ ಏಪ್ರಿಲ್ಲಿನಾಗ ಐತ್ರಿ. ಬರಿಯಾಕ ಆಗ್ತೈತೇನ್ರಿ?” ಎಂದಳು. ಆಗುತ್ತೆ ಎಂದರು.

ಆಪರೇಷನ್ ದಿನ ಅವರು ನನ್ನನ್ನೂ ಒಳಗೆ ನಿಲ್ಲಿಸಿಕೊಂಡರು. ಪರದೆಯ ಮೇಲೆ ಅವಳ ಹೊಟ್ಟೆಯ ಒಳಗು ಗುಲಾಬಿ ಬಣ್ಣದಲ್ಲಿ ಹೊಳೆಯುತ್ತಿತ್ತು. ಗರ್ಭಕೋಶ ಮುಷ್ಟಿಯಷ್ಟಿತ್ತು, ಇಡಿಯಾಗಿ ಅಲ್ಲೇ ಕೂತಿತ್ತು. ಅದನ್ನು ತೆಗೆದುಬಿಡಲು ಒಂದು ಶುಕ್ರವಾರ ನಿಗದಿಯಾಗಿತ್ತು. ಕೆಳಗಿನ ಕೊಳವೆಯಿಂದ ಪೊರೆಯನ್ನು ಸ್ವಲ್ಪ ಬಿಡಿಸುತ್ತಲೇ ಹಳೆಯ ರಕ್ತ ಹರಿಯತೊಡಗಿತು. ಹೊಸಪೇಟೆಯ ಸಕ್ಕರೆ ಕಾರ್ಖಾನೆ ನೋಡಿದವರಿಗೆ ಗೊತ್ತು, ಕಾಕಂಬಿಯ ಹಾಗೆ ಕಪ್ಪಗೆ, ಮಂದಗೆ. ಎಷ್ಟು ತಿಂಗಳಿನದು ಎಂದು ಎಣಿಸುತ್ತಾ ನಾನು ನಿಂತಿದ್ದೆ.

ಆಮೇಲೆ ಅವರು ಕ್ಯಾಮೆರಾವನ್ನು ಬಲಕ್ಕೆ ತಿರುಗಿಸಿದರು. ಅತ್ತ ಕಡೆಯ ಗರ್ಭನಾಳ ಊದಿ, ಮಡಚಿ, ಪಕ್ಕದ್ದಕ್ಕೆ ಅಂಟಿಕೊಂಡಿತ್ತು. ಹೊರಗೆ ಹೋಗಲಾಗದ ರಕ್ತ ಹಿಂದಕ್ಕೆ ಹರಿದು ಹಾಗಾಗಿದೆ ಎಂದರು.

“ಎಡಗಡೆದು ಚೆನ್ನಾಗಿದೆ, ಪುಣ್ಯ. ನಾಲ್ಕೈದು ತಿಂಗಳು ಮೊದಲೇ ಸಿಕ್ಕಿದ್ದರೆ ಇದೂ ಉಳೀತಿತ್ತೋ ಏನೋ.” ಮಾಸ್ಕಿನ ಮೇಲಿನಿಂದ ನನ್ನತ್ತ ನೋಡಿದರು. “ಆ ಚೀಟಿಗಳಲ್ಲಿ ಮುಟ್ಟು ಕ್ರಮಬದ್ಧ ಅಂತ ಬರೆದೋರು ಯಾರು?”

“ನಾನೇ ಮೇಡಂ.”

ಅವರು ಬೈದಿದ್ದರೆ ಹಗುರವಾಗುತ್ತಿತ್ತು. ಹೊಕ್ಕಳಿನ ಹೊಲಿಗೆಯನ್ನು ನನ್ನ ಕೈಯಿಂದಲೇ ಹಾಕಿಸಿದರು. ಒಂದೇ ಒಂದು ಹೊಲಿಗೆ. ಮೂರನೆಯ ದಿನ ಹುಲಿಗೆಮ್ಮ ನಡೆದುಕೊಂಡು ಹೊರಗೆ ಬಂದಳು. ದಾರಿ ಮತ್ತೆ ಮುಚ್ಚಿಕೊಳ್ಳದಿರಲಿ ಎಂದು ಒಳಗೊಂದು ಮೆತ್ತನೆಯ ಸಣ್ಣ ಕೊಳವೆ ಇಟ್ಟಿದ್ದರು, ಕೆಲವು ವಾರ ಅದು ಇರಬೇಕಿತ್ತು. ಅಷ್ಟು ದಿನ ಮುಟ್ಟು ಬಾರದಂತೆ ಮಾತ್ರೆಯನ್ನೂ ಕೊಟ್ಟಿದ್ದರು. ಗಡ್ಡೆ ತೆಗೆದರು, ಚೀಲ ಉಳಿಯಿತು ಎಂದು ಮುದುಕಿಗೆ ಹೇಳಿದೆವು. ಅವಳು ಎರಡೂ ಕೈಯೆತ್ತಿ ಛಾವಣಿಯ ಫ್ಯಾನಿಗೆ ಮುಗಿದಳು.

ಕೊಳವೆ ತೆಗೆಸಿದ ದಿನ, ಹಂಪಿಗೆ ಹೋಗಿ ಕಾಯಿ ಒಡೆಸಿಕೊಂಡು ಬರೋಣ, ನೀವೂ ಬರಬೇಕು ಎಂದು ರತ್ನಮ್ಮ ಹಟ ಹಿಡಿದಳು. ಏಪ್ರಿಲ್ ಕೊನೆಯ ಬಿಸಿಲು. ಬಂಡೆಗಳು ಕಾದು ಝಳ ಹೊಡೆಯುತ್ತಿದ್ದವು. ವಿರೂಪಾಕ್ಷನ ದರ್ಶನ ಮಾಡಿಕೊಂಡು ಬಜಾರಿನ ಸಾಲುಮಂಟಪದ ನೆರಳಿನಲ್ಲಿ ಕೂತೆವು. ಹುಲಿಗೆಮ್ಮ ಬಳೆ ಅಂಗಡಿಯ ಮುಂದೆ ನಿಂತು ಯಾರೋ ವಿದೇಶಿ ಹೆಂಗಸಿಗೆ ಕೈಸನ್ನೆಯಲ್ಲಿ ಏನೋ ವಿವರಿಸುತ್ತಿದ್ದಳು. ಅವಳು ಅಷ್ಟು ನೆಟ್ಟ ಬೆನ್ನಿನಲ್ಲಿ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವಳು ದೂರದಲ್ಲಿದ್ದಾಳೆ ಎಂದು ಧೈರ್ಯ ಮಾಡಿ ನಾನು ರತ್ನಮ್ಮನಿಗೆ ಹೇಳಿಬಿಟ್ಟೆ. ಬಲಗಡೆಯ ನಾಳ ಕೆಟ್ಟಿದೆ, ಎಡಗಡೆಯದರಿಂದ ಮಕ್ಕಳಾಗಬಹುದು, ಆದರೂ ಕೆಟ್ಟದ್ದಕ್ಕೆ ಕಾರಣ ನಾನೇ. ನಾನು ಸರಿಯಾಗಿ ಕೇಳದೆ ಬರೆದೆ.

ರತ್ನಮ್ಮ ಪ್ರಸಾದದ ಕಾಯಿಯನ್ನು ಕಲ್ಲಿಗೆ ಕುಟ್ಟಿ ಚೂರು ಮಾಡುತ್ತಿದ್ದವಳು ಕೈ ನಿಲ್ಲಿಸಿದಳು.

“ನೀವು ಬರದಿದ್ದು ನಾ ಹೇಳಿದ್ದಕ್ರಿ. ನಾ ಹೇಳಿದ್ದು ಅತ್ತಿ ಹೇಳಿದ್ದಕ್ಕ. ಅತ್ತಿ ನೋಡಿದ್ದು ಮಣ್ಣು.” ಒಂದು ಚೂರು ನನ್ನ ಕೈಗೆ ಕೊಟ್ಟಳು. “ತಿನ್ರಿ.”

ಅದು ಕ್ಷಮೆಯೋ, ಸಾಕಾಗಿ ಹೇಳಿದ ಮಾತೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವಳೂ ನನ್ನಷ್ಟೇ ದಣಿದಿದ್ದಳು. ಮರುದಿನ ಬೆಳಗ್ಗೆ ಆರಕ್ಕೆ ಅವಳಿಗೆ ಕ್ಯಾಂಟೀನು, ಒಂಬತ್ತಕ್ಕೆ ನನಗೆ ಕುರ್ಚಿ. ನಾವಿಬ್ಬರೂ ಕಾಯಿ ತಿನ್ನುತ್ತ ಕೂತಿದ್ದೆವು.

ಆಮೇಲೆ ಒಂದು ವರ್ಷದ ಸೇವೆ ಮುಗಿಯಿತು. ಹೆಂಗಸರ ರೋಗಗಳನ್ನೇ ಮುಂದೆ ಓದಿದೆ, ತಿರುಗಿ ಹೊಸಪೇಟೆಗೇ ಬಂದೆ. ಹುಲಿಗೆಮ್ಮನಿಗೆ ಸೋದರಮಾವನ ಮಗನ ಜೊತೆಗೇ ಮದುವೆಯಾಯಿತು, ಕಂಪ್ಲಿಯಲ್ಲೇ ಇದ್ದಾಳೆ ಎಂದು ಅವ್ವ ಹೇಳುತ್ತಾಳೆ. ನಮ್ಮ ಮನೆಯಿಂದ ನಾಲ್ಕು ಓಣಿ ಆಚೆ. ಮಕ್ಕಳಾಗಿವೆಯೇ ಎಂದು ನಾನು ಕೇಳಿಲ್ಲ. ಊರಿಗೆ ಹೋದಾಗಲೆಲ್ಲ ಕೇಳಬೇಕು ಅಂದುಕೊಳ್ಳುತ್ತೇನೆ, ಕೇಳದೆ ಬಸ್ಸು ಹತ್ತುತ್ತೇನೆ. ಹುಡುಗಿಯರು ಬಂದರೆ ಮಾತ್ರ ಜೊತೆಗಿದ್ದವರನ್ನು, ತಾಯಿಯೇ ಇರಲಿ, ಐದು ನಿಮಿಷ ಪರದೆಯ ಆಚೆ ಕೂರಿಸುತ್ತೇನೆ. ಹೋದ ತಿಂಗಳ ಶಿಬಿರದಲ್ಲೂ ಅದಕ್ಕೆ ಒಂದಿಬ್ಬರು ಗೊಣಗಿದರು.

ಆದರೆ ಆ ವರ್ಷ ಎಂದರೆ ನನ್ನ ಕಣ್ಣ ಮುಂದೆ ಬರುವುದು ಅದರ ಕೊನೆಯ ವಾರ. ಜೂನ್ ಬಂದರೂ ಮಳೆ ಬಂದಿರಲಿಲ್ಲ. ಧೂಳು ಹಲ್ಲಿನ ಸಂದಿಯಲ್ಲೂ ಕರಕರ ಎನ್ನುತ್ತಿತ್ತು. ಒಂದು ಬೆಳಗ್ಗೆ ಸಾಲಿನಲ್ಲಿ ನಿಂತು ತಾಯಿ, ಮಗಳು ಒಳಗೆ ಬಂದರು. ನಾನು ಹೇಳುವ ಮೊದಲೇ ರತ್ನಮ್ಮ ಪರದೆಯ ಆಚೆ ಹೋಗಿ ನಿಂತಳು. ಹುಲಿಗೆಮ್ಮ ಸ್ಟೂಲಿನ ಮೇಲೆ ಕೂತು ಆಚೆ ಈಚೆ ನೋಡಿದಳು.

“ಮೇಡಂ, ನಿನ್ನಿ ಬಂತ್ರಿ.”

“ಖರೇನಾ?”

“ಖರೇರೀ.” ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. “ಈ ಸಲ ಮಣ್ಣಲ್ರಿ. ಮಳಿನ ಬಂದಿಲ್ಲ.”

ಶಾಂತಮ್ಮ ಸೂಜಿ ಟ್ರೇ ಕೆಳಗಿಟ್ಟು ಬಾಗಿಲು ಮುಂದೆ ಮಾಡಿದರು. ರತ್ನಮ್ಮ ಪರದೆ ಸರಿಸಿ ಬಂದು, ಸೆರಗಿನ ಗಂಟು ಬಿಚ್ಚಿ ಪೇಪರಿನ ಪೊಟ್ಟಣ ಮೇಜಿನ ಮೇಲೆ ಬಿಡಿಸಿದಳು. ಒಂದಿಷ್ಟು ಒಣಕೊಬ್ಬರಿ, ಒಂದು ಹೆಂಟೆ ಬೆಲ್ಲ. “ಎರಡನೇ ಸಲ ಆರತಿ ಮಾಡಾಕ ಬರಂಗಿಲ್ಲಲ್ರಿ, ಓಣ್ಯಾಗ ಏನಂತ ಹೇಳೂದು? ಗೊತ್ತಿದ್ದೋರು ನೀವಿಬ್ರ. ಬಾಯಿ ಸಿಹಿ ಮಾಡ್ಕೋರಿ” ಎಂದಳು. ಶಾಂತಮ್ಮ ತಮ್ಮ ಹಣೆಯ ಕುಂಕುಮವನ್ನೇ ಬೆರಳಿಗೆ ತಾಗಿಸಿ ಹುಡುಗಿಯ ಹಣೆಗಿಟ್ಟರು. ಹೊರಗೆ ಯಾರೋ “ಜಲ್ದಿ ಬಿಡ್ರಿ, ಬಸ್ ಹೊಕ್ಕೈತಿ” ಎಂದು ಬಾಗಿಲು ಬಡಿದರು. “ಬಡಿಬ್ಯಾಡ್ರಿ, ತಗೀತೀವಿ” ಎಂದು ಶಾಂತಮ್ಮ ಗದರಿಸಿದರು, ಆದರೆ ತೆಗೆಯಲಿಲ್ಲ.

ನಾನು ಬಾಯಲ್ಲಿ ಬೆಲ್ಲ ಇಟ್ಟುಕೊಂಡೇ ಚೀಟಿ ಬರೆಯತೊಡಗಿದೆ. ಹುಲಿಗೆಮ್ಮ ಮೇಜಿನ ಮೇಲೆ ಬಗ್ಗಿ, “ಏನ್ ಬರದ್ರಿ?” ಎಂದಳು. ಚೀಟಿಯಲ್ಲಿ ಏನಿದೆ ಎಂದು ಅವಳು ಕೇಳಿದ್ದು ಅದೇ ಮೊದಲು. ನಾನು ಇಂಗ್ಲಿಷಿನಲ್ಲಿ ಬರೆದದ್ದನ್ನು ಹೊಡೆದುಹಾಕಿ, ಅವಳಿಗೆ ಓದಲು ಬರುವ ಹಾಗೆ ಕನ್ನಡದಲ್ಲಿ ದೊಡ್ಡದಾಗಿ ಬರೆದು ಚೀಟಿಯನ್ನು ಅವಳ ಕಡೆ ತಿರುಗಿಸಿದೆ. ಅವಳು ಬೆರಳಿಟ್ಟು ಅಕ್ಷರ ಅಕ್ಷರ ಓದಿದಳು.

‘ಮೊದಲ ಮುಟ್ಟು: ನಿನ್ನೆ. ಹುಡುಗಿಯನ್ನೇ ಕೇಳಿ ಬರೆದದ್ದು.’